ಮೊಣಕಾಲ ಮುಂದಣ ಅವಕಾಶ

ಪುಣೆಯ ಪಶ್ಚಿಮದಂಚಿನಲ್ಲಿ, ಕೋಥರೂಡ ಬಡಾವಣೆಯು ಮುಗಿದು ಬೆಟ್ಟಗಳ ಸಾಲು ಮೊದಲಾಗುವ ಎಡೆಯಲ್ಲಿ, ಚಾಂದನಿ ಚೌಕವೆಂಬ ಕೂಡುದಾರಿಯಿದೆ. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕೊಲ್ಹಾಪುರ, ಸಾತಾರೆಗಳನ್ನು ದಾಟಿ ಮುಂಬಯಿಯ ಕಡೆಗೆ ಸಾಗುವ ಹೆದ್ದಾರಿಯು ಇಲ್ಲಿಯೇ ಹಾಯ್ದುಹೋಗುವುದರಿಂದ, ಈ ಚೌಕದಲ್ಲಿ ನಿಂತ ಕನ್ನಡಿಗನಿಗೆ ದಕ್ಷಿಣದತ್ತ ತಿರುಗಿದರೆ ತವರಿನ ದಾರಿಯೂ ಉತ್ತರದತ್ತ ತಿರುಗಿದರೆ ಪರದೇಶದ ದಾರಿಯೂ ತೋರುತ್ತವೆ. ಮಕ್ಕಳನ್ನು ಓದಿಸಿ ದೂರದೇಶಗಳಿಗೆ ಕಳುಹಿಸಿದ ವಿದ್ಯಾವಂತ ಕುಟುಂಬಗಳು ಕೋಥರೂಡದಲ್ಲಿ ಬಹಳ. ಅವುಗಳಲ್ಲಿ ಬಿಜಾಪುರ, ಬೆಳಗಾವಿ, ಧಾರವಾಡಗಳ ಕಡೆಯಿಂದ ಬಂದು ನೆಲೆಸಿದ ಕನ್ನಡದ ಮನೆಗಳೂ ಉಂಟು. ಮಗಳ ಬಾಣಂತನಕ್ಕೆಂದು ಯುರೋಪಿಗೆ ಹೊರಟ ತಾಯಿ, ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆಂದು ಹೊರಟ ಅಜ್ಜ, ಇವರೆಲ್ಲರೂ ರಾತ್ರಿ ಊಟ ಮುಗಿಸಿ, ತೂಕ ನೋಡಿದ ಪೆಟ್ಟಿಗೆಗಳನ್ನು ಟ್ಯಾಕ್ಸಿಗೇರಿಸಿ, ಈ ಚೌಕವನ್ನು ದಾಟಿ ಘಟ್ಟವಿಳಿದು ಮುಂಬಯಿಯನ್ನು ಸೇರುವರು. ಅವರ ಕೈಯಲ್ಲಿರತಕ್ಕ ಟಿಕೆಟ್ಟು ಬಹುಮಟ್ಟಿಗೆ ದೊರೆತವುಗಳಲ್ಲೆಲ್ಲ ಅಗ್ಗದ ಟಿಕೆಟ್ಟು. ದೂರದ ವಿಮಾನಯಾನವು ಅಗ್ಗವಾಗುವುದು ಯಾವ ಉಪಾಯದಿಂದ, ಆ ಉಳಿತಾಯದ ಭಾರವನ್ನು ಕೊನೆಗೆ ಹೊರುವವರು ಯಾರು ಎಂಬುದನ್ನು ವಿಜ್ಞಾನದ ಬೆಳಕಿನಲ್ಲಿ ನೋಡುವುದೇ ಈ ಅಧ್ಯಾಯದ ಉದ್ದೇಶ.

ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು. ಪುಣೆಯ ವಿಮಾನ ನಿಲ್ದಾಣವು ಊರೊಳಗಿನ ಲೋಹಗಾವದಲ್ಲಿಯೇ ಇರುವಾಗ, ಅದರ ಸಮೀಪದ ರಾಮವಾಡಿಯವರೆಗೆ ಕೋಥರೂಡದ ವನಾಜದಿಂದ ಮೆಟ್ರೋ ರೈಲೇ ಓಡುತ್ತಿರುವಾಗ, ಈ ವೃದ್ಧರು ನಿದ್ದೆಗೆಟ್ಟು ಮುಂಬಯಿಗೆ ಹೋಗುವುದೇಕೆ? ಲೋಹಗಾವವು ಮೂಲತಃ ವಾಯುಪಡೆಯ ನೆಲೆ. ಅದರ ಓಡುದಾರಿಯ ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಮಿಕ್ಕದ್ದು. ಮುಂಬಯಿಯ ಮುಖ್ಯ ಓಡುದಾರಿಯಾದರೋ ೩,೪೫೦ ಮೀಟರಿನಷ್ಟು. ಅಲ್ಲದೆ ಮುಂಬಯಿ ಸಮುದ್ರದ ಮಟ್ಟದಲ್ಲಿದ್ದರೆ ಲೋಹಗಾವ ಅದಕ್ಕಿಂತ ೫೯೦ ಮೀಟರುಗಳಷ್ಟು ಎತ್ತರದಲ್ಲಿದೆ. ವಿಮಾನವನ್ನು ಎತ್ತಿಹಿಡಿಯುವುದು ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿ. ಆ ಎತ್ತುವ ಬಲವು ಗಾಳಿಯ ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅನುಸರಿಸಿ ಏರಿಳಿಯುವುದು. ವೈಶಾಖದ ಮಧ್ಯಾಹ್ನ ಪುಣೆಯ ತಾಪಮಾನವು ೪೦ ಡಿಗ್ರಿಯನ್ನು ಮುಟ್ಟಿದಾಗ ಅಲ್ಲಿಯ ಗಾಳಿಯ ಸಾಂದ್ರತೆಯು, ಸಮುದ್ರಮಟ್ಟದಲ್ಲಿ ೧೫ ಡಿಗ್ರಿಯಲ್ಲಿರುವ ಪ್ರಮಾಣಗಾಳಿಗಿಂತ ಶೇಕಡ ೧೪ರಷ್ಟು ಕಡಿಮೆಯಾಗುವುದರಿಂದ, ಅದೇ ಭಾರದ ವಿಮಾನವು ನೆಲಬಿಡಲು ಶೇಕಡ ೮ರಷ್ಟು ಹೆಚ್ಚಿನ ವೇಗವನ್ನು ಗಳಿಸಬೇಕು. ಗಾಳಿ ತೆಳುವಾದಾಗ ಎಂಜಿನ್ನಿನ ನೂಕುಬಲವೂ ಕುಗ್ಗುವುದಾಗಿ, ವೇಗವು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಅದನ್ನು ಗಳಿಸುವ ಶಕ್ತಿ ಕಡಿಮೆಯಾಗುತ್ತದೆ. ಯುರೋಪಿಗೆ ಸಾಲುವಷ್ಟು ಇಂಧನವನ್ನೂ ಮುನ್ನೂರು ಜನರನ್ನೂ ಹೊತ್ತ ವಿಮಾನಕ್ಕೆ ಇಂತಹ ಓಡುದಾರಿ ಸಾಲದು. ೨೦೦೮ರಲ್ಲಿ ತೊಡಗಿ ಕೆಲವು ವರ್ಷ ಲುಫ್ತಾನ್ಸಾ ಸಂಸ್ಥೆಯು ಪುಣೆಯಿಂದ ಫ್ರಾಂಕ್‌ಫರ್ಟಿಗೆ ನೇರವಾಗಿ ಸೇವೆ ನಡೆಸಿದ್ದುಂಟು. ಆದರೆ ಅದಕ್ಕೆ ಬಳಸಿದುದು ಚಿಕ್ಕ ವಿಮಾನವನ್ನು. ಚಿಕ್ಕ ವಿಮಾನದಲ್ಲಿ ದೂರ ಹೋಗುವುದು ಸಾಧ್ಯ, ಅಗ್ಗವಾಗಿ ಹೋಗುವುದು ಕಷ್ಟ.

ಅಗ್ಗದ ದೂರಯಾನದ ಕಥೆ ಲಂಡನ್ನಿನಲ್ಲಿ ಆರಂಭವಾಯಿತೆನ್ನಬಹುದು. ಫ್ರೆಡ್ಡಿ ಲೇಕರ್ ಎಂಬ ಸಾಹಸಿಯು ಆಳುವವರೊಡನೆಯೂ ದೊಡ್ಡ ಸಂಸ್ಥೆಗಳೊಡನೆಯೂ ವರ್ಷಗಟ್ಟಲೆ ಹೋರಾಡಿ, ೧೯೭೭ರ ಸೆಪ್ಟೆಂಬರ್ ೨೬ರಂದು ತನ್ನ ಸ್ಕೈಟ್ರೇನನ್ನು ನ್ಯೂಯಾರ್ಕಿಗೆ ಹಾರಿಸಿದನು. ಒಂದು ಕಡೆಯ ದರ ೫೯ ಪೌಂಡು, ಊಟಕ್ಕೆ ಬೇರೆ ಹಣ. ಜನರು ಟಿಕೆಟ್ಟಿಗಾಗಿ ಸರತಿಯಲ್ಲಿ ನಿಂತು ಕಾದರು. ಆದರೂ ೧೯೮೨ರ ಫೆಬ್ರುವರಿಯಲ್ಲಿ ಆ ಸಂಸ್ಥೆ ದಿವಾಳಿಯಾಯಿತು. ಮುಂದೆ ಐಸ್‌ಲೆಂಡಿನ ವಾವ್ ೨೦೧೯ರಲ್ಲಿ ನಿಂತುಹೋಯಿತು. ನಾರ್ವೇಜಿಯನ್ ಸಂಸ್ಥೆಯು ೨೦೨೧ರಲ್ಲಿ ತನ್ನ ದೂರಯಾನವನ್ನು ಕೈಬಿಟ್ಟಿತು. ಹತ್ತಿರದ ಊರುಗಳ ನಡುವೆ ಅಗ್ಗದ ವಿಮಾನಗಳು ಲೋಕದ ನಾನಾ ಕಡೆ ಬೇರುಬಿಟ್ಟು ಬೆಳೆದಿರಲಾಗಿ, ದೂರದ ದಾರಿಯಲ್ಲಿ ಮಾತ್ರ ಅವು ಮತ್ತೆ ಮತ್ತೆ ಸೋಲುವುದಕ್ಕೆ ಕಾರಣವು ಬರಿಯ ವ್ಯಾಪಾರದ ಅದೃಷ್ಟವಲ್ಲ.

ಹತ್ತಿರದ ದಾರಿಯಲ್ಲಿ ಅಗ್ಗದ ವಿಮಾನವು ಬೆಳೆದುದಕ್ಕೆ ನಮ್ಮ ನಾಡಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಾಸನ ಜಿಲ್ಲೆಯ ಗೊರೂರು ಕನ್ನಡಿಗರಿಗೆ ಮೊದಲು ಪರಿಚಿತವಾದುದು ರಾಮಸ್ವಾಮಿ ಅಯ್ಯಂಗಾರ್ಯರ ಬರವಣಿಗೆಯಿಂದ. ಇಳಿವಯಸ್ಸಿನಲ್ಲಿ ಅವರು ಮಾಡಿದ ಅಮೆರಿಕಾಯಾನದ ಕಥನಕ್ಕೆ ೧೯೮೦ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದೇ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರು, ಸೈನ್ಯವನ್ನು ಬಿಟ್ಟು, ಬೇಸಾಯ ಮಾಡಿ, ೨೦೦೩ರ ಆಗಸ್ಟಿನಲ್ಲಿ ಏರ್ ಡೆಕ್ಕನ್ ಎಂಬ ಅಗ್ಗದ ವಿಮಾನ ಸಂಸ್ಥೆಯನ್ನು ಹಾರಾಟಕ್ಕಿಳಿಸಿದರು. ಹುಬ್ಬಳ್ಳಿಯಂತಹ ಊರುಗಳಿಗೆ ಪುಟ್ಟ ವಿಮಾನಗಳು ಬಂದುವು. ಕೆಲವು ಟಿಕೆಟ್ಟುಗಳ ಮೂಲದರ ಒಂದು ರೂಪಾಯಿಗೂ ಇಳಿಯಿತು. ಆ ಸಂಸ್ಥೆ ತನ್ನ ಲಾಂಛನಪುರುಷನನ್ನಾಗಿ ಆರಿಸಿಕೊಂಡುದು ಮೈಸೂರಿನಲ್ಲಿ ಹುಟ್ಟಿ ಪುಣೆಯಲ್ಲಿ ಕೊನೆಯುಸಿರೆಳೆದ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು. ಚೌಕಳಿಯ ಕೋಟಿನ ಆ ಮುದುಕನ ಕಂಚಿನ ಪ್ರತಿಮೆಯು ಕೋಥರೂಡದಿಂದ ದೂರವಲ್ಲದ ಸಿಂಬಯಾಸಿಸ್ ವಿದ್ಯಾಸಂಸ್ಥೆಯ ಆವರಣದಲ್ಲಿ ಇಂದಿಗೂ ನಿಂತಿದೆ. ವಿಮಾನವೆಂಬುದು ಶ್ರೀಸಾಮಾನ್ಯನಿಗೆ ನಿಲುಕುವಂತಾದುದು ನಮ್ಮ ಕಾಲದ ದೊಡ್ಡ ಲಾಭಗಳಲ್ಲಿ ಒಂದೆಂದು ನಾನು ನಂಬಿದ್ದೇನೆ. ಮುಂದೆ ಬರತಕ್ಕ ಟೀಕೆಗಳನ್ನು ಈ ನಂಬಿಕೆಯ ಒಳಗೇ ಇರಿಸಿ ಓದಬೇಕು.

ಹತ್ತಿರದ ದಾರಿಯಲ್ಲಿ ಅಗ್ಗದ ಸಂಸ್ಥೆಯು ಉಳಿಸುವುದು ಮುಖ್ಯವಾಗಿ ಕಾಲವನ್ನು. ನೆಲದ ಮೇಲೆ ನಿಂತ ವಿಮಾನವು ಸಾಲದ ಬಡ್ಡಿಯನ್ನು ತಿನ್ನುವುದೇ ಹೊರತು ಒಂದು ಕಾಸನ್ನೂ ದುಡಿಯದು; ಆದಕಾರಣ ಇಳಿದ ಅರ್ಧ ಗಂಟೆಯೊಳಗೆ ಕಸ ಗುಡಿಸಿ, ಜನರನ್ನು ಹತ್ತಿಸಿ, ಮತ್ತೆ ಹಾರಿಸಿದರೆ, ದಿನಕ್ಕೆ ಒಂದೆರಡು ಹಾರಾಟ ಹೆಚ್ಚಾಗಿ ಪ್ರತಿಯೊಬ್ಬ ಪ್ರಯಾಣಿಕನ ಮೇಲಿನ ವೆಚ್ಚ ತಗ್ಗುವುದು. ದೂರಯಾನದಲ್ಲಿ ಈ ಉಪಾಯಕ್ಕೆ ಎಡೆಯಿಲ್ಲ. ಒಮ್ಮೆಗೆ ಒಂಬತ್ತು ಹತ್ತು ಗಂಟೆ ಹಾರುವ ವಿಮಾನವು, ಯಾವ ದುಬಾರಿ ಸಂಸ್ಥೆಗೆ ಸೇರಿದ್ದಾದರೂ, ದಿನದ ಬಹುಭಾಗವನ್ನು ಆಕಾಶದಲ್ಲಿಯೇ ಕಳೆಯುತ್ತಿರುತ್ತದೆ. ನೆಲದ ಮೇಲಿನ ಅರ್ಧ ಗಂಟೆಯನ್ನು ಉಳಿಸಿ ಅದರಿಂದ ಇನ್ನೊಂದು ಹಾರಾಟವನ್ನು ಹಿಂಡಲಾಗದು.

ಕಾಲ ಹೋಯಿತು, ಉಳಿದುದು ಇಂಧನ. ಇಲ್ಲಿ ಪ್ರಕೃತಿಯ ನಿಯಮವು ಇನ್ನೂ ನಿಷ್ಠುರವಾದುದು. ದೂರದ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೊರಟವನು ಎತ್ತುಗಳ ಮೇವನ್ನೂ ಅದೇ ಬಂಡಿಯಲ್ಲಿ ಹೇರಬೇಕಾಗುವುದು. ದಾರಿ ಉದ್ದವಾದಷ್ಟೂ ಮೇವು ಹೆಚ್ಚು, ಮೇವು ಹೆಚ್ಚಾದಷ್ಟೂ ಭಾರ ಹೆಚ್ಚು, ಭಾರ ಹೆಚ್ಚಾದಷ್ಟೂ ಎತ್ತು ತಿನ್ನುವುದು ಹೆಚ್ಚು. ವಿಮಾನದ ಸ್ಥಿತಿ ಇದೇ. ಫ್ರಾನ್ಸಿನ ಲೂಯಿ ಬ್ರೆಗೆಯ ಹೆಸರಿನಿಂದ ಪ್ರಸಿದ್ಧವಾದ ಸೂತ್ರವು ದೂರಕ್ಕೂ ಇಂಧನಕ್ಕೂ ಇರುವ ಈ ಸಂಬಂಧವನ್ನು ಲಾಗರಿದಮ್ಮಿನ ಮೂಲಕ ತಿಳಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಹೆಚ್ಚಾಗಿ ಹೊತ್ತ ಭಾರದ ಶೇಕಡ ಮೂರರಷ್ಟು ತೂಕದ ಇಂಧನವು ಪ್ರತಿಯೊಂದು ಗಂಟೆಗೂ ಆ ಭಾರವನ್ನು ಹೊರುವುದಕ್ಕಾಗಿಯೇ ಉರಿದುಹೋಗುವುದು. ಹತ್ತು ಕಿಲೋಗ್ರಾಮಿನ ಒಂದು ಪೆಟ್ಟಿಗೆಯನ್ನು ಮುಂಬಯಿಯಿಂದ ಆಮ್‌ಸ್ಟರ್‌ಡ್ಯಾಮಿಗೆ ಮುಟ್ಟಿಸಲು ಸುಮಾರು ಮೂರು ಕಿಲೋಗ್ರಾಮಿನಷ್ಟು ಇಂಧನ ಬೇಕು. ಅಗ್ಗದ ಸಂಸ್ಥೆಗಳು ಪೆಟ್ಟಿಗೆಯ ತೂಕಕ್ಕೆ ಬೇರೆ ಹಣ ಕೇಳುವುದೂ, ಆಸನದ ಮೆತ್ತೆಯನ್ನು ತೆಳುವಾಗಿಸುವುದೂ ಈ ಲೆಕ್ಕದಿಂದ. ಇಂಧನದ ಬೆಲೆ ಎಲ್ಲರಿಗೂ ಒಂದೇ, ದೂರವೂ ಒಂದೇ. ದೂರ ಕೆಲವೊಮ್ಮೆ ಹೆಚ್ಚೂ ಆಗುತ್ತದೆ. ೨೦೨೫ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಮೇಲೆ ಬಳಸಿ ಹೋಗಬೇಕಾಗಿ ಬಂದಿತು.

ಹೀಗೆ ಕಾಲವನ್ನು ಉಳಿಸಲಾರದೆ, ಇಂಧನವನ್ನೂ ಹೆಚ್ಚು ಉಳಿಸಲಾರದೆ ಹೋದ ಮೇಲೆ, ಉಳಿಸತಕ್ಕ ವಸ್ತು ಬಹುಮಟ್ಟಿಗೆ ಒಂದೇ ಉಳಿಯಿತು: ಪ್ರಯಾಣಿಕನ ದೇಹದ ಸುತ್ತಣ ಅವಕಾಶ. ೨೦೨೫ರ ಜುಲೈ ತಿಂಗಳ ಆರಂಭದಲ್ಲಿ ಇಂಡಿಗೋ ಸಂಸ್ಥೆಯು ಮುಂಬಯಿಯಿಂದ ಮ್ಯಾಂಚೆಸ್ಟರಿಗೂ ಆಮ್‌ಸ್ಟರ್‌ಡ್ಯಾಮಿಗೂ ಸೇವೆಯನ್ನು ತೊಡಗಿಸಿದಾಗ ಬಳಸಿದುದು ನಾರ್ವೆಯ ನಾರ್ಸ್ ಅಟ್ಲಾಂಟಿಕ್ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಬೋಯಿಂಗ್ ೭೮೭-೯ ವಿಮಾನಗಳನ್ನು. ಅವುಗಳಲ್ಲಿ ೩೩೮ ಆಸನಗಳು. ಇದೇ ಮಾದರಿಯ ವಿಮಾನದಲ್ಲಿ ಹಿಂದಿನ ವಿಸ್ತಾರ ಸಂಸ್ಥೆಯು ಇರಿಸಿದ್ದುದು ೨೯೯. ವಿಮಾನವನ್ನು ಸಾಗಿಸುವ ಖರ್ಚು ಹೆಚ್ಚು ಬದಲಾಗದೆ ಹಂಚಿಕೊಳ್ಳುವ ತಲೆಗಳು ಮಾತ್ರ ಶೇಕಡ ೧೩ರಷ್ಟು ಹೆಚ್ಚಾದರೆ ತಲಾ ದರ ಇಳಿಯುವುದು ಸಹಜ. ಬೋಯಿಂಗ್ ಕಂಪನಿಯು ಈ ವಿಮಾನವನ್ನು ಕಲ್ಪಿಸಿದಾಗ ಸಾಮಾನ್ಯ ದರ್ಜೆಯಲ್ಲಿ ಸಾಲಿಗೆ ಎಂಟು ಆಸನಗಳಿದ್ದರೆ ಹಿತವೆಂದು ಭಾವಿಸಿತ್ತು; ಕೊಂಡ ಸಂಸ್ಥೆಗಳಲ್ಲಿ ಹೆಚ್ಚಿನವು ಒಂಬತ್ತನ್ನು ಕೂರಿಸಿದುವು. ಅದರಿಂದ ಒಂದೊಂದು ಆಸನದ ಅಗಲ ೧೭ ಅಂಗುಲದ ಆಸುಪಾಸಿಗೆ ಇಳಿಯಿತು. ಒಂದು ಆಸನದ ಬೆನ್ನಿನಿಂದ ಮುಂದಿನದರ ಬೆನ್ನಿಗೆ ಇರುವ, ಪಿಚ್ ಎಂದು ಕರೆಯಲ್ಪಡುವ ದೂರವು ೧೯೭೦ರ ದಶಕದಲ್ಲಿ ೩೪, ೩೫ ಅಂಗುಲಗಳಿದ್ದುದು ಈಗ ದೂರಯಾನದಲ್ಲಿ ೩೧, ಹತ್ತಿರದ ಯಾನದಲ್ಲಿ ೨೮ರವರೆಗೂ ಇಳಿದಿದೆ. ಈ ಇಕ್ಕಟ್ಟಿನಲ್ಲಿ ಒಂದು ಗುಣವೂ ಇದೆಯೆಂಬುದನ್ನು ಮರೆಯಬಾರದು: ವಿಮಾನವು ಉಗುಳುವ ಇಂಗಾಲದಲ್ಲಿ ಒಬ್ಬ ಪ್ರಯಾಣಿಕನ ಪಾಲು ಅವನು ಆಕ್ರಮಿಸಿದ ನೆಲದ ಅಳತೆಯನ್ನು ಅನುಸರಿಸುವುದರಿಂದ, ಮಲಗಿಕೊಂಡು ಹೋಗುವ ಸಿರಿವಂತನಿಗಿಂತ ಮುದುಡಿ ಕುಳಿತವನು ಭೂಮಿಗೆ ಕಡಿಮೆ ಹೊರೆಯಾಗಿರುತ್ತಾನೆ.

ಇನ್ನು ಈ ಅವಕಾಶದಲ್ಲಿ ಕುಳಿತ ದೇಹಕ್ಕೆ ಏನಾಗುವುದೆಂಬುದನ್ನು ನೋಡೋಣ. ಮೊದಲು ಅದು ಉಸಿರಾಡುವ ಗಾಳಿ. ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ತಾಪಮಾನ ಶೂನ್ಯಕ್ಕಿಂತ ೫೬ ಡಿಗ್ರಿ ಕೆಳಗೆ, ಒತ್ತಡ ಸಮುದ್ರಮಟ್ಟದ ನಾಲ್ಕನೆಯ ಒಂದಕ್ಕಿಂತಲೂ ಕಡಿಮೆ. ಆ ಗಾಳಿಯನ್ನು ಅದುಮಿ, ಹದವಾಗಿಸಿ ಒಳಗೆ ಬಿಡುವರು. ಆದರೆ ನೆಲದ ಮೇಲಿನ ಒತ್ತಡವನ್ನೇ ಒಳಗೂ ಉಳಿಸಿದರೆ ವಿಮಾನದ ಒಡಲು ಉಬ್ಬಿ ಕುಗ್ಗಿ ಬೇಗ ದಣಿಯುವುದಾಗಿ, ಸಾಮಾನ್ಯ ವಿಮಾನಗಳಲ್ಲಿ ಒಳಗಿನ ಒತ್ತಡವನ್ನು ೨,೪೦೦ ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಗೊಡುವರು. ಲೋಹಕ್ಕೆ ಬದಲಾಗಿ ಇಂಗಾಲದ ಎಳೆಗಳಿಂದ ಹೆಣೆದ ಒಡಲಿನ ೭೮೭ರಲ್ಲಿ ಇದು ೧,೮೦೦ ಮೀಟರಿಗೆ ಸಮನಾದುದು. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿಯ ಎತ್ತರ ೧,೬೪೬ ಮೀಟರ್. ನಮ್ಮ ಮುಳ್ಳಯ್ಯನಗಿರಿಯದು ೧,೯೩೦. ಹಾಗಾಗಿ, ಪುಣೆಯ ಸಮೀಪದ ಸಿಂಹಗಡ ಕೋಟೆಯ ಮೆಟ್ಟಿಲುಗಳನ್ನು ಹತ್ತುವುದೇ ಆಗದೆಂದು ಬಿಟ್ಟುಕೊಟ್ಟ ಹಿರಿಯರೊಬ್ಬರು ವಿಮಾನದಲ್ಲಿ ಕುಳಿತಾಗ, ಮಹಾರಾಷ್ಟ್ರದ ಯಾವ ಬೆಟ್ಟದ ನೆತ್ತಿಗಿಂತಲೂ ತೆಳುವಾದ ಗಾಳಿಯನ್ನು ರಾತ್ರಿಯುದ್ದಕ್ಕೂ ಉಸಿರಾಡುತ್ತಿರುತ್ತಾರೆ. ಆರೋಗ್ಯವಂತನ ರಕ್ತದಲ್ಲಿ ಆಮ್ಲಜನಕದ ಸಂತೃಪ್ತಿ ಕೆಲವು ಅಂಶ ಇಳಿದರೂ ತೊಂದರೆಯಾಗದು. ಹೃದಯವೋ ಶ್ವಾಸಕೋಶವೋ ದುರ್ಬಲವಾಗಿರುವವರು ಟಿಕೆಟ್ಟು ಕೊಳ್ಳುವ ಮೊದಲೇ ವೈದ್ಯರನ್ನು ಕಾಣುವುದು ಅವಶ್ಯ. ಈ ವಿಷಯದಲ್ಲಿ ದುಬಾರಿ ಟಿಕೆಟ್ಟಿಗೂ ಅಗ್ಗದ್ದಕ್ಕೂ ಭೇದವಿಲ್ಲ. ಒಂದೇ ವಿಮಾನದ ಮುಂದಿನವರೂ ಹಿಂದಿನವರೂ ಉಸಿರಾಡುವುದು ಒಂದೇ ಗಾಳಿಯನ್ನು.

ಹೊರಗಿನ ಗಾಳಿಯಲ್ಲಿ ನೀರಾವಿ ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ಒಳಗಿನ ಆರ್ದ್ರತೆಯೂ ಶೇಕಡ ೧೦ರಿಂದ ೨೦ರಷ್ಟೇ. ಮೂಗು ಒಣಗುವುದು, ತುಟಿ ಬಿರಿಯುವುದು, ಘಮ ತಿಳಿಯದಾಗುವುದು ಇದರಿಂದ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ೨೦೧೦ರ ಸುಮಾರಿಗೆ ಹಳೆಯ ಏರ್‌ಬಸ್ ವಿಮಾನದ ಒಡಲಿನ ತುಂಡೊಂದನ್ನು ಒತ್ತಡವಿಳಿಸಬಲ್ಲ ಕೋಣೆಯೊಳಗೆ ಇರಿಸಿ, ಅದರೊಳಗೆ ಜನರನ್ನು ಕೂರಿಸಿ ಊಟ ಬಡಿಸಿ ಪರೀಕ್ಷಿಸಿದಾಗ, ಉಪ್ಪು ಮತ್ತು ಸಿಹಿಗಳ ಅರಿವು ಎದ್ದುಕಾಣುವಂತೆ ಕುಂದುವುದೆಂದೂ ಹುಳಿ ಕಹಿಗಳು ಅಷ್ಟಾಗಿ ಕುಂದವೆಂದೂ ತಿಳಿದುಬಂದಿತು. ಖಾರವಂತೂ ನಾಲಗೆಯ ರಸಗಳಲ್ಲಿ ಒಂದೇ ಅಲ್ಲ. ಮೆಣಸಿನಕಾಯಿಯ ಸತ್ವವು ಕೆರಳಿಸುವುದು ಸುಡುವಿಕೆಯನ್ನು ಅರಿಯುವ ನರತುದಿಗಳಲ್ಲಿಯ ಗ್ರಾಹಕವನ್ನು; ಆ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ರು ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಕೋಥರೂಡದ ಕನ್ನಡದ ಗೃಹಿಣಿಯರು ಪ್ರಯಾಣಕ್ಕೆಂದು ಕಟ್ಟಿಕೊಡುವ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಣಸೆಹಣ್ಣಿನ ಗೊಜ್ಜುಗಳು ವಿಮಾನದಲ್ಲಿಯೂ ರುಚಿಗೆಡದೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಊಟವನ್ನು ಬೇರೆ ಹಣಕ್ಕೆ ಮಾರುವ ವಿಮಾನಗಳಲ್ಲಿ ಆ ಬುತ್ತಿಯು ಹಣವನ್ನೂ ಉಳಿಸುವುದು. ಉಪ್ಪು ಸಪ್ಪೆಯೆನಿಸಿತೆಂದು ಉಪ್ಪಿನಕಾಯಿಯನ್ನು ಹೆಚ್ಚಾಗಿ ತಿಂದರೆ ಮಾತ್ರ ರಕ್ತದೊತ್ತಡದವರಿಗೆ ಕೇಡು.

ಆದರೆ ಇಕ್ಕಟ್ಟಿನ ನಿಜವಾದ ವಿಚಾರ ಕಾಲುಗಳದು. ಮನುಷ್ಯನ ಹೃದಯವು ರಕ್ತವನ್ನು ಪಾದದವರೆಗೆ ನೂಕಬಲ್ಲದು. ಅಲ್ಲಿಂದ ಮೇಲಕ್ಕೆ ಮರಳಿಸುವ ಕೆಲಸವನ್ನು ಬಹುಮಟ್ಟಿಗೆ ಮೀನಖಂಡದ ಸ್ನಾಯುಗಳು ಮಾಡುವುವು. ನಡೆಯುವಾಗ ಆ ಸ್ನಾಯುಗಳು ಬಿಗಿದು ಸಡಿಲುತ್ತ ನಡುವಣ ಅಭಿಧಮನಿಗಳನ್ನು ಹಿಂಡುವುವು. ಅಭಿಧಮನಿಗಳೊಳಗಿನ ಕವಾಟಗಳು ಮೇಲೇರಿದ ರಕ್ತವನ್ನು ಕೆಳಗೆ ಜಾರಗೊಡವು. ಕಾಲನ್ನು ಮಡಿಸಿ ಅಲುಗಾಡದೆ ಕುಳಿತಾಗ ಈ ಯಂತ್ರ ನಿಲ್ಲುತ್ತದೆ. ಆಸನದ ಅಂಚು ತೊಡೆಯ ಹಿಂಬದಿಯನ್ನು ಒತ್ತುತ್ತದೆ, ಮೊಣಕಾಲಿನ ಹಿಂದೆ ನಾಳಗಳು ಮಡಿಯುತ್ತವೆ, ರಕ್ತವು ಕೆಳಗೆ ನಿಂತು ಮಂದವಾಗುತ್ತದೆ. ರಕ್ತ ನಾಳದೊಳಗೇ ಹೆಪ್ಪುಗಟ್ಟುವುದಕ್ಕೆ ಹರಿವಿನ ಮಾಂದ್ಯ, ನಾಳಭಿತ್ತಿಯ ಪೆಟ್ಟು, ರಕ್ತದ ಗುಣದಲ್ಲಿಯ ವ್ಯತ್ಯಾಸಗಳು ಕಾರಣಗಳೆಂಬ ವಿಚಾರವು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋನ ಹೆಸರಿನಲ್ಲಿ ಇಂದಿಗೂ ನಡೆದುಬಂದಿದೆ. ಕಾಲಿನ ಆಳದ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ.

ಇದು ವಿಮಾನದ ವ್ಯಾಧಿಯೇ ಅಲ್ಲವೆಂಬುದು ಗಮನಿಸತಕ್ಕ ಸಂಗತಿ. ೧೯೪೦ರಲ್ಲಿ ಲಂಡನ್ ನಗರದ ಮೇಲೆ ಬಾಂಬು ಬೀಳುತ್ತಿದ್ದಾಗ, ಜನರು ನೆಲಮಾಳಿಗೆಗಳ ಆಶ್ರಯಗಳಲ್ಲಿ ಕ್ಯಾನ್ವಾಸಿನ ಮಡಿಸುಕುರ್ಚಿಗಳ ಮೇಲೆ ರಾತ್ರಿಯಿಡೀ ಕುಳಿತೇ ನಿದ್ದೆಮಾಡುತ್ತಿದ್ದರು. ಹಾಗೆ ಕುಳಿತವರಲ್ಲಿ ಹಠಾತ್ತಾಗಿ ಸಾಯುವವರ ಸಂಖ್ಯೆ ಹೆಚ್ಚಿದುದನ್ನು ಕಂಡು ಕೀತ್ ಸಿಂಪ್ಸನ್ ಎಂಬ ವೈದ್ಯನು, ಕುರ್ಚಿಯ ಅಂಚಿನ ಮರದ ಪಟ್ಟಿ ಮೊಣಕಾಲಿನ ಹಿಂದೆ ಒತ್ತಿ ರಕ್ತವನ್ನು ತಡೆದುದೇ ಇದಕ್ಕೆ ಕಾರಣವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದನು. ಕುರ್ಚಿಗಳ ಬದಲು ಮಲಗುವ ಮಂಚಗಳು ಬೇಕೆಂಬ ಅರಿವು ಅಂದಿನಿಂದ ಬಲವಾಯಿತು. ಅಗ್ಗದ ದರ್ಜೆಯ ಹೆಸರನ್ನೇ ಈ ರೋಗಕ್ಕೆ ಅಂಟಿಸಿದುದು ಆಮೇಲಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗೂ ಮಿಕ್ಕ ಪ್ರಯಾಣದಲ್ಲಿ ಹೆಪ್ಪುಗಟ್ಟುವ ಸಂಭವ ಎರಡು ಮೂರು ಪಾಲು ಹೆಚ್ಚುವುದು. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು ೬,೦೦೦ ಜನರಿಗೆ ಒಬ್ಬರಿಗಷ್ಟೆ. ರೈಲು, ಬಸ್ಸು, ಕಾರುಗಳಿಗೂ ಇದೇ ಮಾತು ಅನ್ವಯಿಸುವುದು.

ಕೋಥರೂಡದವರು ಲಕ್ಷ್ಯಕ್ಕೆ ತಂದುಕೊಳ್ಳಬೇಕಾದುದು ಇಲ್ಲಿಯೇ. ಅವರ ದೂರಯಾನವು ಮುಂಬಯಿಯ ಓಡುದಾರಿಯ ಮೇಲೆ ಆರಂಭವಾಗುವುದಿಲ್ಲ. ಚಾಂದನಿ ಚೌಕದಲ್ಲಿ, ಪೆಟ್ಟಿಗೆಗಳ ನಡುವೆ ಕಾಲು ಮಡಿಸಿ ಟ್ಯಾಕ್ಸಿಯ ಹಿಂಬದಿಯಲ್ಲಿ ಕುಳಿತ ಗಳಿಗೆಯಿಂದ ಆರಂಭವಾಗುತ್ತದೆ. ಘಟ್ಟದ ದಾರಿಯ ಮೂರು ನಾಲ್ಕು ಗಂಟೆ, ನಿಲ್ದಾಣದ ಕುರ್ಚಿಯ ಮೇಲಿನ ಮೂರು ಗಂಟೆ, ಅನಂತರ ವಿಮಾನದ ಒಂಬತ್ತೋ ಹತ್ತೋ ಗಂಟೆ, ಇವೆಲ್ಲ ಕಾಲಿನ ಅಭಿಧಮನಿಗಳ ಲೆಕ್ಕದಲ್ಲಿ ಒಂದೇ ಖಾತೆಗೆ ಸೇರುವುವು. ದರ ಇನ್ನಷ್ಟು ಕಡಿಮೆಯೆಂದು ನಡುವೆ ಎರಡು ಕಡೆ ಇಳಿದು ಹತ್ತುವ ಟಿಕೆಟ್ಟನ್ನು ಕೊಂಡರೆ, ಇಳಿದಲ್ಲಿ ನಡೆದಾಡುವುದರಿಂದ ಉಪಕಾರವುಂಟು, ಇಳಿದಲ್ಲಿಯೂ ಕುಳಿತೇ ಇದ್ದರೆ ಅಪಕಾರವುಂಟು. ೨೦೨೫ರ ಡಿಸೆಂಬರಿನಿಂದ ನವೀ ಮುಂಬಯಿಯ ಹೊಸ ನಿಲ್ದಾಣವು ತೆರೆದಿರುವುದರಿಂದ, ದೂರದ ವಿಮಾನಗಳು ಅಲ್ಲಿಂದಲೂ ಹಾರತೊಡಗಿದ ಹಾಗೆ ಪುಣೆಯವರಿಗೆ ಈ ಖಾತೆಯ ಮೊದಲ ಅಂಕಿ ಸ್ವಲ್ಪ ಇಳಿಯಬಹುದು.

ಇನ್ನೊಂದು ಸಂಗತಿ ನಮ್ಮ ಹೆಂಗಸರಿಗೆ ವಿಶೇಷವಾಗಿ ಸಂಬಂಧಿಸಿದುದು. ಉದ್ದವಾದ ಕಾಲಿನವರಿಗೆ ಇಕ್ಕಟ್ಟಿನಿಂದ ತೊಂದರೆಯೆಂಬುದು ಎಲ್ಲರಿಗೂ ಹೊಳೆಯುವ ಮಾತು. ಆದರೆ ಹಾಲೆಂಡಿನ ಸಂಶೋಧಕರು ೨೦೦೬ರಲ್ಲಿ ತೋರಿಸಿದಂತೆ, ೧೬೦ ಸೆಂಟಿಮೀಟರಿಗಿಂತ ಗಿಡ್ಡವಾದ ವಿಮಾನಪ್ರಯಾಣಿಕರಲ್ಲಿಯೂ ಈ ಅಪಾಯ ಹೆಚ್ಚುವುದು. ಪಾದ ನೆಲಕ್ಕೆ ಸರಿಯಾಗಿ ಊರದೆ ತೂಗುವಾಗ, ಕಾಲಿನ ಭಾರವೆಲ್ಲ ಆಸನದ ಅಂಚಿನ ಮೇಲೆ, ಮೊಣಕಾಲಿನ ಹಿಂದೆಯೇ ಬೀಳುವುದೆಂಬುದು ಇದಕ್ಕೆ ಒಪ್ಪತಕ್ಕ ವಿವರಣೆ. ಭಾರತದ ಹೆಂಗಸರ ಸರಾಸರಿ ಎತ್ತರ ೧೫೨ ಸೆಂಟಿಮೀಟರಿನ ಆಸುಪಾಸು. ಆದುದರಿಂದ, ತನಗೆ ಎಷ್ಟು ಜಾಗವಿದ್ದರೂ ಸಾಕು, ಮೂಲೆಯಲ್ಲಿ ಕೂಡುತ್ತೇನೆ ಎನ್ನುವ ಅಜ್ಜಿಯೇ ಹೆಚ್ಚು ಎಚ್ಚರಿಕೆ ವಹಿಸಬೇಕಾದವಳು. ಕೈಚೀಲವನ್ನು ಪಾದದಡಿಯಲ್ಲಿಟ್ಟು ಮೊಣಕಾಲನ್ನು ತುಸು ಎತ್ತಿಕೊಂಡರೆ ಆ ಒತ್ತಡ ತಪ್ಪುವುದು. ಕಿಟಕಿಯ ಬದಿಯಲ್ಲಿ ಕುಳಿತವರಿಗೆ, ಏಳಲು ಇಬ್ಬರನ್ನು ಎಬ್ಬಿಸಬೇಕಾದ ಸಂಕೋಚದಿಂದಲೋ ಏನೋ, ಅಪಾಯ ಹೆಚ್ಚೆಂದು ಕಂಡುಬಂದಿದೆ. ಅಗ್ಗದ ವಿಮಾನಗಳು ಆಸನವನ್ನು ಆರಿಸಿಕೊಳ್ಳುವುದಕ್ಕೂ ಬೇರೆ ಹಣ ಕೇಳುವುವು. ಟಿಕೆಟ್ಟನ್ನು ಅಮೆರಿಕದಲ್ಲೋ ಜರ್ಮನಿಯಲ್ಲೋ ಕುಳಿತು ಕೊಳ್ಳುವ ಮಕ್ಕಳು ಬೇರೆಲ್ಲದರಲ್ಲಿ ಉಳಿಸಿದರೂ ತಂದೆತಾಯಿಗಳಿಗೆ ನಡುದಾರಿಯ ಅಂಚಿನ ಆಸನವನ್ನು ಕೊಳ್ಳುವುದರಲ್ಲಿ ಉಳಿಸಬಾರದೆಂದು ನಾನು ಒತ್ತಿ ಹೇಳುವೆನು. ಸಂಕೋಚದಿಂದ ನೀರು ಕುಡಿಯದೆ ಇರುವುದು, ನಿದ್ದೆಯ ಗುಳಿಗೆ ನುಂಗಿ ಒಂದೇ ಭಂಗಿಯಲ್ಲಿ ಎಚ್ಚರದಪ್ಪಿ ಮಲಗುವುದು, ಇವೆರಡೂ ಸಲ್ಲವು. ಗಂಟೆಗೊಮ್ಮೆ ಎದ್ದು ಓಡಾಡುವುದು, ಆಗದಿದ್ದರೆ ಹಿಮ್ಮಡಿಯನ್ನೂ ಬೆರಳುಗಳನ್ನೂ ಸರದಿಯ ಮೇಲೆ ಎತ್ತಿಳಿಸುವುದು, ವೈದ್ಯರು ಒಪ್ಪಿದರೆ ಕಣಕಾಲನ್ನು ಬಿಗಿಯಾಗಿಯೂ ಮೇಲೆ ಹೋದಂತೆ ಸಡಿಲವಾಗಿಯೂ ಹಿಡಿಯುವ ಕಾಲುಚೀಲವನ್ನು ತೊಡುವುದು, ಇವು ವೈದ್ಯರು ಸೂಚಿಸುವ ಉಪಾಯಗಳು.

ಆಸನದ ಅವಕಾಶಕ್ಕೆ ಕಾನೂನಿನ ಕನಿಷ್ಠ ಮಿತಿ ಬೇಕೆಂಬ ವಾದವು ಅಮೆರಿಕದಲ್ಲಿ ನ್ಯಾಯಾಲಯದವರೆಗೂ ಹೋಯಿತು. ೨೦೧೭ರಲ್ಲಿ ಅಲ್ಲಿಯ ನ್ಯಾಯಾಧೀಶರು ವಾಯುಯಾನ ಇಲಾಖೆಗೆ ಈ ವಿಷಯವನ್ನು ಮತ್ತೆ
ಪರಿಶೀಲಿಸಲು ಆಜ್ಞಾಪಿಸಿದರು. ಇಲಾಖೆ ನೋಡುವ ಮುಖ್ಯ ಅಳತೆಗೋಲು ತೊಂಬತ್ತು ಸೆಕೆಂಡುಗಳದು: ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ ತುಂಬಿದ ವಿಮಾನದ ಜನರೆಲ್ಲ ಅಷ್ಟು ಹೊತ್ತಿನಲ್ಲಿ ಹೊರಬರುವಂತಿರಬೇಕು. ಅದು ಸರಿಯಾದ ಅಳತೆಗೋಲೇ; ಆದರೆ ಸಾಲದು. ಅದು ವಿಮಾನದಿಂದ ಓಡಿ ಹೊರಬರುವ ದೇಹವನ್ನು ಅಳೆಯುತ್ತದೆ, ರಾತ್ರಿಯೆಲ್ಲ ಒಳಗೆ ಕುಳಿತಿರುವ ದೇಹವನ್ನು ಅಳೆಯುವುದಿಲ್ಲ. ಅಂಗುಲಗಳ ಈ ಪ್ರಶ್ನೆಯನ್ನು ಸೌಖ್ಯದ ಪ್ರಶ್ನೆಯೆಂದು ತಳ್ಳಿಹಾಕದೆ, ಕುಡಿಯುವ ನೀರಿನ, ಉಸಿರಾಡುವ ಗಾಳಿಯ ಪ್ರಶ್ನೆಗಳೊಡನೆ ಆರೋಗ್ಯದ ಪಟ್ಟಿಯಲ್ಲಿ ಸೇರಿಸಬೇಕು.

ಕೊನೆಯದಾಗಿ ಮರಳಿ ಬಂದವರ ವಿಷಯ. ವಿಮಾನದಿಂದ ಇಳಿದೊಡನೆ ಅಪಾಯ ಕಳೆಯಿತೆಂದು ತಿಳಿಯುವುದು ಸರಿಯಲ್ಲ. ಯಾನವು ಮುಗಿದ ಮೇಲೂ ನಾಲ್ಕು ವಾರಗಳಷ್ಟು ಕಾಲ ಅದು ಸಾಮಾನ್ಯಕ್ಕಿಂತ ಹೆಚ್ಚಾಗಿಯೇ ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನವು ಹೇಳುತ್ತದೆ. ಎರಡೂ ಪಾದ ಒಂದೆರಡು ದಿನ ಊದಿಕೊಂಡು ತಾವಾಗಿ ಇಳಿದರೆ ಚಿಂತೆಯಿಲ್ಲ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತ, ಮುಟ್ಟಿದರೆ ಬಿಸಿಯೆನಿಸಿದರೆ ಅಂದೇ ವೈದ್ಯರನ್ನು ಕಾಣಬೇಕು. ಏದುಸಿರೋ ಎದೆನೋವೋ ಕಾಣಿಸಿದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಮೂರು ವಾರದ ಹಿಂದೆ ಯುರೋಪಿನಿಂದ ಬಂದ ಅಜ್ಜಿಯು ಕಾಲುನೋವೆಂದು ಕರ್ವೆ ರಸ್ತೆಯ ದವಾಖಾನೆಗೆ ಹೋದಾಗ ಸಂಧಿವಾತದ ಮಾತನ್ನಷ್ಟೇ ಆಡಿ ಬರುವುದು ಬಹಳ ಸುಲಭ. ಜೊತೆಯಲ್ಲಿ ಹೋದವರು ಮರೆಯದೆ ಹೇಳಬೇಕಾದುದು ಇಷ್ಟು: ಯಾವ ದಿನ ವಿಮಾನದಿಂದ ಇಳಿದರು, ಒಟ್ಟು ಎಷ್ಟು ಹೊತ್ತು ಕುಳಿತಿದ್ದರು, ದಾರಿಯಲ್ಲಿ ಎದ್ದು ನಡೆದಿದ್ದರೇ ಇಲ್ಲವೇ.